ಬಣ್ಣ ಬಳಿದ ಡಿಸ್ಕು

ಬಂಡೆಪ್ಪ ಗೊಬ್ಬರದ ಚೀಲವನ್ನು ಎತ್ತಿ ಕೌಂಟರಿನ ಗಾಜಿನ ಮೇಲೆ ಹಾಕಿದ. ಗಾಜು ಈ ಮೂಲೆಯಿಂದ ಆ ಮೂಲೆಯವರೆಗೆ ಸೀಳಿತು. ಚೀಲದ ಬಾಯಿಯಿಂದ ಎರಡು ಬ್ರೇಕ್ ಡಿಸ್ಕುಗಳು ಅರ್ಧ ಹೊರಗೆ ಬಂದು ನಿಂತವು.

“ತಗೋರಿ ಅಕ್ಕೋರ, ನಿಮ್ಮ ಅಸಲಿ ಮಾಲು!” ಅಂದ. “ಕಣ್ಣು ತುಂಬ ನೋಡ್ರಿ. ಇದನ್ನ ನಂಬಿ ಒಂಬತ್ತು ಹೆಣ್ಮಕ್ಕಳನ್ನ ಗಾಡ್ಯಾಗ ಕೂಡಿಸ್ಕೊಂಡು ಹೊಂಟಿದ್ನಿ ನಾನು.”

ಹುಮನಾಬಾದಿನ ಬೈಪಾಸಿನ ಆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಆಗ ಮೂವರು ಗಿರಾಕಿಗಳಿದ್ದರು. ಮೂವರೂ ಮಾತು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದರು. ಕೌಂಟರಿನ ಆಚೆ ನಿಂತಿದ್ದ ವಿದ್ಯಾವತಿಗೆ ಮೊದಲು ಬಂದದ್ದು ಸಿಟ್ಟು. ಹದಿನಾಲ್ಕು ವರ್ಷದಿಂದ ಆಕೆ ಆ ಜಾಗದಲ್ಲಿ ನಿಂತವಳು. ಶುರುವಿನಲ್ಲಿ ಲಾರಿಯವರು ಬಂದು, “ಗಂಡಸರು ಯಾರಾರ ಇಲ್ಲೇನ್ರಿ?” ಅಂತ ಕೇಳುತ್ತಿದ್ದರು. ಈಗ ಎಂದಾದರೊಮ್ಮೆ ಅವಳ ಗಂಡ ವೈಜನಾಥ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರೂ, “ಅಕ್ಕೋರು ಎಲ್ಲಿ?” ಅಂತ ಕೇಳುತ್ತಾರೆ. ಆ ಹೆಸರು ಸುಮ್ಮನೆ ಬಂದದ್ದಲ್ಲ.

“ಬಂಡೆಪ್ಪಾ, ದನಿ ಕೆಳಗ ಮಾಡು,” ಅಂದಳು. “ನನ್ನ ಅಂಗಡಿಯಿಂದ ನಕಲಿ ಮಾಲು ಹೋಗಿಲ್ಲ. ಇವತ್ತಿನ ತನಕ ಒಂದೂ ಹೋಗಿಲ್ಲ.”

“ಹೋಗಿಲ್ಲಂದ್ರ ಕೇಶರಬಾಯಿ ಮಗಳು ದವಾಖಾನ್ಯಾಗ ಯಾಕ ಮಲಗ್ಯಾಳ? ಕೊರಳ ಎಲುಬ ಮುರದ್ದು ಯಾರದು, ನಂದೇನು?”

ಆ ಸುದ್ದಿ ವಿದ್ಯಾವತಿಗೆ ತಲುಪಿರಲಿಲ್ಲ.

ಬಂಡೆಪ್ಪ ಗೋರ್ಟಾದವನು, ಐವತ್ತರ ಹತ್ತಿರದವನು. ತನ್ನದೇ ವ್ಯಾನಿನಲ್ಲಿ ಗೋರ್ಟಾ ಮತ್ತು ಸುತ್ತಲಿನ ಹಳ್ಳಿಗಳ ಹುಡುಗಿಯರನ್ನು ದಿನಾ ಬೆಳಿಗ್ಗೆ ಹುಮನಾಬಾದಿನ ನರ್ಸಿಂಗ್ ಕಾಲೇಜಿಗೆ ಕರೆತಂದು ಸಂಜೆ ಮನೆ ಮುಟ್ಟಿಸುತ್ತಿದ್ದ. ಒಂದೂವರೆ ತಿಂಗಳ ಹಿಂದೆ ಇದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, “ಬ್ರೇಕ್ ಒತ್ತಿದ್ರ ಸ್ಟೇರಿಂಗ್ ನಡಗಾಕತ್ತದ ಅಕ್ಕೋರ, ಏನ್ ಆಗಿರಬೇಕು?” ಅಂತ ಕೇಳಿದ್ದ. ಆಕೆ ಪಕ್ಕದ ಪಂಕ್ಚರ್ ಅಂಗಡಿಯವನಿಂದ ಮುಂದಿನ ಗಾಲಿ ಬಿಚ್ಚಿಸಿ, ಮೈಕ್ರೋಮೀಟರ್ ಹಿಡಿದು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಡಿಸ್ಕನ್ನು ಅಳೆದಿದ್ದಳು. ಹೊಸದಿದ್ದಾಗ ಇಪ್ಪತ್ತೆರಡು ಮಿಲಿಮೀಟರು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಓಡಿಸಬಾರದು ಅಂತ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅವತ್ತು ಬಂದದ್ದು ಹತ್ತೊಂಬತ್ತೂವರೆ.

“ಲೇಥ್ ಹೊಡಿಸಿದ್ರ ನಡೀತದೇನ್ರಿ?” ಅಂತ ಬಂಡೆಪ್ಪ ಕೇಳಿದ್ದ. ಹಳೇ ಡಿಸ್ಕನ್ನೇ ಲೇಥ್ ಯಂತ್ರದಲ್ಲಿ ಕೆತ್ತಿಸಿ ನುಣುಪು ಮಾಡಿಸುವುದು, ಎಲ್ಲರೂ ಕೇಳುವ ಮಾತೇ ಅದು.

“ನುಣುಪಾಗ್ತದ, ಮ್ಯಾಲ ತೆಳ್ಳಗೂ ಆಗ್ತದ. ತೆಳ್ಳನ ತವಾ ಹ್ಯಾಂಗ ಜಲ್ದಿ ಕಾದು ಸೊಟ್ಟಾಗ್ತದ, ಹಂಗೇ ಇದೂ ಆಗ್ತದ. ಕಾದ ಡಿಸ್ಕು ಒಂದಿನ ಸೀಳ್ತದ. ಹೊಸಾ ಜೋಡಿ ಹಾಕಸು. ಒಂದೇ ಗಾಲಿಗೆ ಹಾಕಿದ್ರ ಗಾಡಿ ಒಂದ್ ಕಡಿ ಎಳೀತದ, ಎರಡಕ್ಕೂ ಹಾಕಸು. ಪ್ಯಾಡೂ ಹೊಸಾವೇ ಇರಲಿ.”

ಬಂಡೆಪ್ಪ ಚೌಕಾಸಿ ಮಾಡಿರಲಿಲ್ಲ. “ಹೆಣ್ಮಕ್ಕಳ ಗಾಡಿ ಅದು,” ಅಂತಷ್ಟೇ ಹೇಳಿ ಜೋಡಿ ಒಯ್ದಿದ್ದ. ಎಲ್ಲಿ ಹಾಕಿಸಲಿ ಅಂತ ಕೇಳಿದಾಗ, ಬಿಲ್ಲಿನ ಹಿಂದೆ ವಿದ್ಯಾವತಿ ತನ್ನ ಕೈಯಾರೆ ಬರೆದುಕೊಟ್ಟಿದ್ದಳು: ಓಂಪ್ರಕಾಶನ ಗ್ಯಾರೇಜು, ಬಂಗ್ಲಾ ಆಟೋನಗರ, ಬಸವಕಲ್ಯಾಣ. ಓಂಪ್ರಕಾಶ ಅವಳ ಮೈದುನ.

ಈಗ ಆಕೆ ಗಾಜಿನ ಮೇಲಿದ್ದ ಚೀಲದಿಂದ ಒಂದು ಡಿಸ್ಕನ್ನು ಎರಡೂ ಕೈಯಿಂದ ಎತ್ತಿದಳು. ಎತ್ತಿದ ಗಳಿಗೆಯಲ್ಲೇ ಗೊತ್ತಾಯಿತು. ತೂಕ ಕಡಿಮೆ. ಅಂಚಿನಿಂದ ಒಳಗಿನವರೆಗೆ ಒಂದು ಸೀಳು, ಬೆರಳಿನ ಉಗುರು ಇಳಿಯುವಷ್ಟು ಅಗಲ. ಎರಡು ಪದರಿನ ನಡುವೆ ಗಾಳಿಯಾಡಲು ಬಿಟ್ಟ ಸಂದುಗಳಲ್ಲಿ ಸ್ಕ್ರೂಡ್ರೈವರ್ ಹಾಕಿ ಕೆರೆದಳು. ಕೆಂಪು ತುಕ್ಕು ಪದರು ಪದರಾಗಿ ಗಾಜಿನ ಮೇಲೆ ಉದುರಿತು. ಒಂದೂವರೆ ತಿಂಗಳಲ್ಲಿ ಅಷ್ಟು ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಬೇಕು. ನಡುವಿನ ಟೋಪಿಯಂಥ ಭಾಗಕ್ಕೆ ಯಾರೋ ಬೆಳ್ಳಿ ಬಣ್ಣ ಹೊಡೆದಿದ್ದರು. ಆ ಭಾಗದ ಮಗ್ಗುಲಲ್ಲಿ, ತಾನು ಮಾರುವ ಪ್ರತಿ ಡಿಸ್ಕಿಗೂ, ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ವಿದ್ಯಾವತಿ ಕರೆಂಟಿನ ಪೆನ್ನಿನಿಂದ ಕೊರೆದುಕೊಡುತ್ತಿದ್ದಳು. ಬೇರೆ ಕಡೆಯ ಮಾಲು ತಂದು ಇವಳ ಗ್ಯಾರಂಟಿ ಕೇಳುವವರ ಕಾಟಕ್ಕೆ ಶುರು ಮಾಡಿದ ಪದ್ಧತಿ ಅದು. ಬಂಡೆಪ್ಪನ ಗಾಡಿ 4471. ಈ ಡಿಸ್ಕಿನ ಮೇಲೆ ಯಾವ ಅಂಕಿಯೂ ಇರಲಿಲ್ಲ.

ಅಳೆದಳು. ಹದಿನೇಳೂವರೆ.

“ಇದು ನಾ ಕೊಟ್ಟಿದ್ದಲ್ಲ,” ಅಂದಳು.

“ಹೌದ್ರಿ, ಈಗ ಹಂಗ ಅಂತೀರಿ!” ಬಂಡೆಪ್ಪ ಗಿರಾಕಿಗಳತ್ತ ತಿರುಗಿದ. “ಕೇಳಿದ್ರೇನ್ರಿ? ಬಿಲ್ ಇವರದು, ಡಬ್ಬಿ ಇವರದು, ಗ್ಯಾರೇಜ್ ಇವರ ಮೈದುನಂದು. ಮಾಲು ಮಾತ್ರ ಇವರದಲ್ಲಂತ! ಪೊಲೀಸರು ಕೇಸು ನನ್ನ ಮ್ಯಾಲ ಹಾಕ್ಯಾರ. ಡ್ರೈವರ್ ಬೇಫಿಕರ್ ಗಾಡಿ ಹೊಡದಾನ ಅಂತ ಬರಕೊಂಡ್ ಹೋಗ್ಯಾರ. ಮೂವತ್ತು ವರ್ಷದಾಗ ಒಂದು ಕೋಳಿಮರಿ ಮ್ಯಾಲ ಗಾಲಿ ಹಾಯಿಸಿದಾವ ಅಲ್ಲ ನಾನು.”

ಎರಡು ದಿನದ ಹಿಂದೆ ನಡೆದದ್ದನ್ನು ಅವನು ಹೇಳಿದ್ದು ಕೂಗುತ್ತಲೇ. ರಾಜೇಶ್ವರ ದಾಟಿದ ಮೇಲೆ ಇಳಿಜಾರಿನಲ್ಲಿ ಎರಡು ಟ್ರ್ಯಾಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಅಡ್ಡರಸ್ತೆಯಿಂದ ಹೆದ್ದಾರಿಗೆ ಬಂದಿತ್ತು. ಅಂತರ ಸಾಕಷ್ಟಿತ್ತು. ಬಂಡೆಪ್ಪ ಬ್ರೇಕ್ ಒತ್ತಿದ. ಪೆಡಲು ಒಮ್ಮೆ ಜೋರಾಗಿ ಒದ್ದು, ಆಮೇಲೆ ನೆಲಕ್ಕೆ ಹತ್ತಿತು. ವ್ಯಾನು ಎಡಕ್ಕೆ ಎಳೆದುಕೊಂಡು ಹೋಗಿ ಹಿಂದಿನ ಟ್ರ್ಯಾಲಿಗೆ ಬಡಿಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಕೇಶರಬಾಯಿಯ ಮಗಳು ಕಾಜಲಳ ಕೊರಳೆಲುಬು ಮುರಿಯಿತು, ಬಲಗೈ ಮಣಿಕಟ್ಟೂ ಮುರಿಯಿತು. ಉಳಿದವರಿಗೆ ತರಚುಗಾಯ.

ವಿದ್ಯಾವತಿ ಗಿರಾಕಿಗಳಿಗೆ, “ಇವತ್ತು ಬಂದ್ ಅದ, ನಾಳಿ ಬರ್ರಿ,” ಅಂದಳು. ಅವರು ಹೊರಬೀಳುವುದರೊಳಗೆ ಶಟರು ಅರ್ಧ ಇಳಿದಿತ್ತು.

“ಬಂಡೆಪ್ಪಾ, ಚೀಲಾ ತಗೋ. ಬಂಗ್ಲಾಕ್ಕ ಹೋಗೂನು.”

“ನಿಮ್ಮ ಮೈದುನ ನಿಮ್ಮ ಮಾತೇ ಆಡ್ತಾನ. ನಾ ಯಾಕ ಬರ್ಲಿ?”

“ನಿನ್ನ ಕಣ್ಣಿಲೆ ನೋಡಾಕ ಬಾ. ನನ್ನ ಮಾತು ನಂಬಬ್ಯಾಡ.”

ಅಂಗಡಿಯ ಹಳೇ ಕಾರನ್ನು ಆಕೆಯೇ ಓಡಿಸಿದಳು. ಬಂಡೆಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಬೈಯುತ್ತಿದ್ದ. ಅಂಗಡಿಕಾರರನ್ನು ಬೈದ, ಮೆಕ್ಯಾನಿಕರನ್ನು ಬೈದ, ಅವತ್ತು ಲೇಥ್ ಬೇಡವೆಂದ ಅವಳ ಮಾತನ್ನು ಕೇಳಿದ ತನ್ನನ್ನೂ ಬೈದುಕೊಂಡ. ವಿದ್ಯಾವತಿಯ ತಲೆಯಲ್ಲಿ ಬೇರೆಯದೇ ಕುದಿಯುತ್ತಿತ್ತು. ದಸರೆಯ ಹೊತ್ತಿಗೆ ಕೊಡಂಬಲದ ಶ್ರೀಮಂತ ಅನ್ನುವ ಗಿರಾಕಿ ಫೋನ್ ಮಾಡಿ, “ಹೊಸಾ ಡಿಸ್ಕ್ ಹಾಕಿಸಿ ತಿಂಗಳಾಗಿಲ್ಲ, ಜೀಪು ಮತ್ತ ನಡಗಾಕತ್ತದ,” ಅಂದಿದ್ದ. ಆಕೆ ಓಂಪ್ರಕಾಶನನ್ನು ಕೇಳಿದ್ದಳು. “ಅಂವ ತಗ್ಗಿನ್ಯಾಗ ಹೊಡೀತಾನ ವೈನಿ, ಡಿಸ್ಕಿನ ತಪ್ಪೇನದ?” ಅಂತ ಅವನು ನಕ್ಕಿದ್ದ. ಆಕೆ ಅದನ್ನೇ ನಂಬಿ, ಸಾವಕಾಶ ಓಡಿಸ್ರಿ ಅಂತ ಶ್ರೀಮಂತನಿಗೆ ಬುದ್ಧಿ ಹೇಳಿ ಫೋನ್ ಇಟ್ಟಿದ್ದಳು. ಒಂದು ಗಾಲಿ ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕಿತ್ತು? ನೋಡಿರಲಿಲ್ಲ. ಮನೆಯವನು ಅನ್ನುವ ಒಂದೇ ಕಾರಣಕ್ಕೆ.

ಆಟೋನಗರದಲ್ಲಿ ಎಂದಿನಂತೆ ಲಾರಿಗಳ ಸಾಲು, ವೆಲ್ಡಿಂಗಿನ ವಾಸನೆ, ಬಡಿಯುವ ಸದ್ದು. ಓಂಪ್ರಕಾಶ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಅತ್ತಿಗೆಯನ್ನು ಕಂಡು ಎದ್ದುನಿಂತ.

“ಬರ್ರಿ ವೈನಿ, ಒಂದ್ ಫೋನರ ಮಾಡಬಾರದೇನು?”

ವಿದ್ಯಾವತಿ ಬಂಡೆಪ್ಪನ ಕೈಯಿಂದ ಚೀಲ ಇಸಿದುಕೊಂಡು ಓಂಪ್ರಕಾಶನ ಕಾಲ ಮುಂದೆ ಸುರಿದಳು.

“ಇವನ್ನ ಈತನ ಗಾಡಿಗೆ ನೀ ಹಾಕೀದಿ?”

ಓಂಪ್ರಕಾಶ ಬಗ್ಗಿ ನೋಡಿದ. ಆತುರವಿಲ್ಲದೆ ನೋಡಿದ. “ನಮ್ಮ ಕಡಿಂದ ಹೊಸಾವೇ ಹಾಕಿ ಕಳ್ಸೀವಿ ವೈನಿ. ಈ ಡ್ರೈವರ್ ಮಂದಿ ನಿಮಗ ಗೊತ್ತಿಲ್ಲ. ಹೊಸಾವ ಬಿಚ್ಚಿ ಮಾರಕೊಂಡು, ಹಳೀವು ಹಾಕ್ಕೊಂಡು, ಆಮ್ಯಾಲ ನಮ್ಮ ಹೆಸರ ಹೇಳ್ತಾರ.”

ಬಂಡೆಪ್ಪ ಅವನ ಅಂಗಿಯ ಕಾಲರಿಗೆ ಕೈ ಹಾಕಿದ. ಚಹಾದ ಕಪ್ಪು ನೆಲಕ್ಕೆ ಬಿತ್ತು. “ನನ್ನ ತಂಗಿ ಮಗಳೂ ಅದೇ ಗಾಡ್ಯಾಗ ಇದ್ದಳಲೇ! ಆಕೀನ ಕೂಡಿಸ್ಕೊಂಡು ನಾ ಬ್ರೇಕ್ ಮಾರಕೋತೀನಿ?” ಪಕ್ಕದ ವೆಲ್ಡಿಂಗ್ ಅಂಗಡಿಯವರು ಓಡಿಬಂದು ಇಬ್ಬರನ್ನೂ ಬಿಡಿಸಿದರು.

ಆ ಗದ್ದಲದಲ್ಲಿ ವಿದ್ಯಾವತಿ ಗ್ಯಾರೇಜಿನ ಒಳಗೆ ಹೋದಳು. ಹಿಂದಿನ ಕೋಣೆಯ ಬಾಗಿಲು ನೂಕಿದಳು. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಗೆ ನಾಲ್ಕು ಡಿಸ್ಕುಗಳು ತೂಗುತ್ತಿದ್ದವು. ಕೆಳಗೆ ಹಳೇ ಪೇಪರು, ಪೇಪರಿನ ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ. ಮೂಲೆಯಲ್ಲಿ ತನ್ನ ಅಂಗಡಿಯಿಂದ ಬಂದ ಖಾಲಿ ರಟ್ಟಿನ ಡಬ್ಬಿಗಳು, ಒಂದರ ಮೇಲೊಂದು ಜೋಡಿಸಿದ್ದವು. ಆಕೆ ಒಂದು ಡಿಸ್ಕನ್ನು ಮುಟ್ಟಿದಳು. ಬಣ್ಣ ಇನ್ನೂ ಒಣಗಿರಲಿಲ್ಲ. ತೋರುಬೆರಳಿಗೆ ಅಂಟಿತು.

ಹೊರಗೆ ಬಂದು ಆ ಬೆರಳನ್ನು ಓಂಪ್ರಕಾಶನ ಮುಖದ ಮುಂದೆ ಹಿಡಿದಳು. “ಇದೇನು?”

“ಅವು… ಅವು ಗುಜರಿಗೆ ಹಾಕಾಕ ಇಟ್ಟಾವು.”

“ಗುಜರಿಗೆ ಬಣ್ಣ ಹೊಡದು ಕಳಸ್ತೀಯೇನು?”

ಓಂಪ್ರಕಾಶ ಸುತ್ತ ನಿಂತ ಜನರನ್ನು ನೋಡಿದ. “ಒಳಗ ಬರ್ರಿ ವೈನಿ, ಮನಿ ಮಾತು ರಸ್ತೇದಾಗ ಬ್ಯಾಡ.”

ಆಗ ಬಂಡೆಪ್ಪನ ಕಣ್ಣಿಗೆ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ ವ್ಯಾನು ಬಿತ್ತು. ಅವನ ವ್ಯಾನಿನದೇ ಮಾಡೆಲ್. ಓಂಪ್ರಕಾಶ ಹೆಂಡತಿ ಮಕ್ಕಳನ್ನೂ ತಾಯಿಯನ್ನೂ ತುಳಜಾಪುರಕ್ಕೆ, ಸೊಲ್ಲಾಪುರಕ್ಕೆ ಕರೆದೊಯ್ಯುವ ಸ್ವಂತ ಗಾಡಿ.

“ಅಕ್ಕೋರ, ಅದರ ಗಾಲಿ ಬಿಚ್ಚಸ್ರಿ,” ಅಂದ ಬಂಡೆಪ್ಪ.

“ಅದ್ಯಾಕ? ಅದರದೇನ್ ಸಂಬಂಧ?” ಓಂಪ್ರಕಾಶ ಅಡ್ಡ ಬಂದ. ಅವನು ಅಡ್ಡ ಬಂದ ರೀತಿಯಲ್ಲೇ ವಿದ್ಯಾವತಿಗೆ ಅರ್ಧ ಉತ್ತರ ಸಿಕ್ಕಿತು. ಆಕೆ ಯಾರನ್ನೂ ಕರೆಯಲಿಲ್ಲ. ಸೆರಗು ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಜ್ಯಾಕು ಎಳೆದುಕೊಂಡು ತಾನೇ ಕೂತಳು. ವೆಲ್ಡಿಂಗ್ ಅಂಗಡಿಯ ಒಬ್ಬಾತ ಬಂದು ನಟ್ಟು ಸಡಿಲಿಸಿಕೊಟ್ಟ. ಗಾಲಿ ಕಳಚಿತು. ಡಿಸ್ಕಿನ ಟೋಪಿಯ ಮಗ್ಗುಲನ್ನು ಆಕೆ ಸೆರಗಿನಿಂದ ಒರೆಸಿದಳು. ಅವಳದೇ ಕೈಬರಹ: 4471.

ಬಂಡೆಪ್ಪ ಆ ಅಂಕಿಯ ಮೇಲೆ ಬೆರಳಾಡಿಸಿದ. ಅವನು ಕೂಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಕೂಗಲಿಲ್ಲ. “ನಿನ್ನ ಮಕ್ಕಳಿಗೆ ಇದು,” ಅಂದ, “ನಮ್ಮ ಹುಡಿಗ್ಯಾರಿಗೆ ಅದು.”

ವಿದ್ಯಾವತಿ ಒಳಗೆ ಹೋಗಿ ತಂತಿಯಿಂದ ನಾಲ್ಕೂ ಡಿಸ್ಕುಗಳನ್ನು ಕಿತ್ತುಕೊಂಡು ಬಂದು ಒಂದೊಂದಾಗಿ ರಸ್ತೆಗೆ ಎಸೆದಳು. ಕಾಂಕ್ರೀಟಿನ ಮೇಲೆ ಅವು ಗಣಗಣ ಅನ್ನದೆ ಥಡ್ ಥಡ್ ಅಂದವು. ಒಂದು ಉರುಳುತ್ತ ಹೋಗಿ ಲಾರಿಯ ಕೆಳಗೆ ಬಿತ್ತು. ಅವಳ ಕೈಗೆ, ಸೆರಗಿಗೆ ಎಲ್ಲ ಬೆಳ್ಳಿ ಬಣ್ಣ.

“ಹೊಸಾವ ಮಾರಕೊಂಡು ಎಷ್ಟು ಗಾಡಿಗೆ ಹಳೀವ ಹಾಕೀದಿ?”

“ಐದೋ ಆರೋ… ಬರ್ತಾರ, ಹೋಗ್ತಾರ, ಯಾರು ಬರದಿಡ್ತಾರ? ಎಲ್ಲಾರೂ ಮಾಡ್ತಾರ ವೈನಿ. ಲೇಥ್ ಹೊಡದ್ರ ನಡೀತದ. ಇವನ ನಸೀಬ ಖರಾಬ ಇತ್ತು, ಅಷ್ಟೇ.”

ವಿದ್ಯಾವತಿ ಎತ್ತಿದ ಕೈಯನ್ನು ಹೇಗೆ ತಡೆದುಕೊಂಡಳೋ ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೋ ಫೋನ್ ಮಾಡಿ ವೈಜನಾಥನನ್ನು ಕರೆಸಿದ್ದರು. ಅವನು ಕೆಟ್ಟವನಲ್ಲ. ಮಂಡಿಯ ತೊಗರಿ ವ್ಯಾಪಾರ ಅವನ ಲೋಕ. ಜಗಳವೆಂದರೆ ಮೈಯೆಲ್ಲ ಬೆವರುವ ಮನುಷ್ಯ. ತಮ್ಮನ ಮುಖ ನೋಡಿದ, ಬಿಚ್ಚಿದ ಗಾಲಿ ನೋಡಿದ, ಹೆಂಡತಿಯ ಕೈ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಅವಳನ್ನು ಬದಿಗೆ ಕರೆದ.

“ಆದದ್ದು ಆಗ್ಯಾದ. ಬಂಡೆಪ್ಪಗ ಹೊಸಾ ಜೋಡಿ ಕೊಡೂನು, ಗಾಡಿ ರಿಪೇರಿ ನಾವೇ ಮಾಡಿಸೂನು, ಆ ಹುಡಿಗಿ ದವಾಖಾನಿ ಖರ್ಚೂ ನಾವೇ ಕೊಡೂನು. ಇಲ್ಲಿಗೇ ಮುಗಸು. ಮನಿ ಮರ್ಯಾದಿ ಅದ, ಇಜ್ಜತ್ ಅದ.”

“ಉಳಿದ ಗಾಡಿಗಳು?”

“ಯಾವ ಗಾಡಿ?”

“ಈಗ ಈ ಹೊತ್ತಿನ್ಯಾಗ ರಸ್ತಾದ ಮ್ಯಾಲ ಓಡಾಕತ್ತಾವಲ್ಲ, ಅವು ರೀ! ಒಳಗ ಮಂದಿ ಕುಂತಾರ. ಅವರಿಗೆ ಏನಂತ ಹೇಳ್ಲಿ? ಇಜ್ಜತ್ ಅದ, ನೀವು ಸಾವಕಾಶ ಹೋಗ್ರಿ ಅನ್ಲೇನು? ಒಬ್ಬಗ ಹಂಗೇ ಹೇಳೀನಿ ಈಗಾಗ್ಲೇ.”

ವೈಜನಾಥ ಮತ್ತೆ ಆ ಮಾತು ಎತ್ತಲಿಲ್ಲ, ಅವಳ ಬೆಂಬಲಕ್ಕೂ ಬರಲಿಲ್ಲ.

ಸಂಜೆ, ಎಲ್ಲರೂ ಕೂಡಿ ಇದ್ದ ಬಸವಕಲ್ಯಾಣದ ಮನೆಯಲ್ಲಿ ಅತ್ತೆ ತುಳಜಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಸೊಸೆಯನ್ನು ಒಮ್ಮೆಯೂ ಏರುದನಿಯಲ್ಲಿ ಮಾತಾಡಿಸಿದವರಲ್ಲ. ಅವಳು ಅಂಗಡಿಗೆ ನಿಲ್ಲುತ್ತೇನೆಂದಾಗ ಊರವರ ಬಾಯಿ ಮುಚ್ಚಿಸಿದವರೂ ಅವರೇ.

“ವಿದ್ಯಾ, ನನ್ನ ಮಗನ್ನ ಜೇಲಿಗೆ ಕಳಸ್ತೀಯೇನು?”

“ಅತ್ತಿ, ಆ ಹುಡಿಗಿ ಸತ್ತಿದ್ರ?”

“ಸತ್ತಿಲ್ಲಲ್ಲ.”

ವಿದ್ಯಾವತಿ ಆ ಮಾತು ಕೇಳಿ ಅಲ್ಲಿ ನಿಲ್ಲಲಾರದೆ ಹೋದಳು. ಬಿಲ್ಲುಗಳ ನಕಲು ಇದ್ದ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಕೂತಳು. ಕಳೆದ ಒಂದು ವರ್ಷದಲ್ಲಿ ತನ್ನಲ್ಲಿ ಡಿಸ್ಕು ಕೊಂಡು ಓಂಪ್ರಕಾಶನಲ್ಲಿ ಹಾಕಿಸಿದವರು ಹದಿನೇಳು ಜನ. ಎಲ್ಲರ ಫೋನ್ ನಂಬರೂ ಇತ್ತು. ಒಬ್ಬೊಬ್ಬರಿಗೂ ಅದೇ ಮಾತು ಹೇಳಿದಳು: ಗಾಡಿ ನಿಲ್ಲಸ್ರಿ, ಹೊರಗ ತಗೀಬ್ಯಾಡ್ರಿ, ನಾನೇ ಬಂದು ನೋಡ್ತೇನಿ. ಕೆಲವರು ಕೆಟ್ಟ ಭಾಷೆಯಲ್ಲಿ ಬೈದರು. ಒಬ್ಬರು ನಕ್ಕರು.

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ದವಾಖಾನೆಗೆ. ಕಾಜಲ ಗೋಡೆ ಕಡೆಯ ಮಂಚದ ಮೇಲೆ ಮಲಗಿದ್ದಳು. ಹೆಗಲಿಗೆ ಪಟ್ಟಿ, ಬಲಗೈಗೆ ಪ್ಲಾಸ್ಟರು. ಅವಳ ತಾಯಿ ಕೇಶರಬಾಯಿ ಕೂಲಿ ಬಿಟ್ಟು ಮೂರು ದಿನದಿಂದ ಅಲ್ಲೇ ನೆಲದ ಮೇಲೆ ಇದ್ದಳು. ವಿದ್ಯಾವತಿ ತಂದ ಹಣ್ಣಿನ ಚೀಲವನ್ನು ಆಕೆ ಮುಟ್ಟಲಿಲ್ಲ.

“ಹಣ್ಣು ಬ್ಯಾಡ್ರಿ ನಮಗ. ಪರೀಕ್ಷಿ ಮುಂದಿನ ತಿಂಗಳ ಅದ. ಬಲಗೈ ಇಲ್ಲದ ಏನ್ ಬರೀಬೇಕು ಈಕಿ? ಯಾರು ಮಾಡ್ಯಾರ, ಅವನ ಹೆಸರ ಹೇಳ್ರಿ. ಅದೊಂದು ಹೇಳ್ರಿ ಸಾಕು.”

“ಓಂಪ್ರಕಾಶ. ನನ್ನ ಮೈದುನ.”

ಕೇಶರಬಾಯಿ ಅವಳನ್ನು ದಿಟ್ಟಿಸಿದಳು. ಮನೆಯವರ ಹೆಸರನ್ನು ಹೀಗೆ ನೇರ ಹೇಳುತ್ತಾರೆ ಅಂತ ಆಕೆ ಎಣಿಸಿರಲಿಲ್ಲ. “ಇದನ್ನ ಪೊಲೀಸರ ಮುಂದೂ ಹೇಳ್ತೀರೇನು? ಇಲ್ಲಾ, ಇಲ್ಲಿ ನನ್ನ ಮುಂದ ಅಷ್ಟೇನಾ?”

“ಅಲ್ಲಿಗೇ ಹೊಂಟೀನಿ.”

“ನಾನೂ ಬರ್ತೇನಿ,” ಅಂತ ಕೇಶರಬಾಯಿ ಎದ್ದಳು. ನಂಬಿ ಎದ್ದವಳಲ್ಲ, ನೋಡಿಯೇ ನಂಬುತ್ತೇನೆ ಅಂತ ಎದ್ದವಳು.

ಠಾಣೆಯಲ್ಲಿ ವಿದ್ಯಾವತಿ ಸೀಳಿದ ಡಿಸ್ಕು, ಓಂಪ್ರಕಾಶನ ಗಾಡಿಯಿಂದ ಬಿಚ್ಚಿ ತಂದಿದ್ದ 4471 ಅಂಕಿಯ ಡಿಸ್ಕು, ತನ್ನ ಬಿಲ್ಲು ಮೂರನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿ ಬರೆಸಿದಳು. ಶ್ರೀಮಂತ ಫೋನ್ ಮಾಡಿದ್ದು, ತಾನು ಗಾಲಿ ಬಿಚ್ಚಿ ನೋಡದೆ ಬಿಟ್ಟದ್ದು, ಅದನ್ನೂ ಬರೆಸಿದಳು. ಬರೆದುಕೊಳ್ಳುತ್ತಿದ್ದ ಜಮಾದಾರ ತಲೆಯೆತ್ತಿ, “ಇದು ನಿಮಗೇ ತೊಂದ್ರಿ ಆಗ್ತದ್ರಿ ಅಕ್ಕೋರ, ಬರೀಲೇಬೇಕೇನು?” ಅಂತ ಕೇಳಿದ. “ಬರ್ಕೋರಿ,” ಅಂದಳು. ಸಂಜೆ ಹೊತ್ತಿಗೆ ಗ್ಯಾರೇಜಿಗೆ ಬೀಗ ಬಿತ್ತು. ಓಂಪ್ರಕಾಶನ ಮೇಲೆ ಕೇಸಾಯಿತು. ಬಂಡೆಪ್ಪನ ಮೇಲಿನದು ಸಡಿಲಾಗಲು ಇನ್ನೂ ಒಂದು ತಿಂಗಳು ಬೇಕಾಯಿತು.

ಹದಿನೇಳು ಗಾಡಿ ನೋಡಿ ಮುಗಿಸಲು ನಾಲ್ಕು ದಿನ ಹಿಡಿಯಿತು. ಹನ್ನೊಂದರಲ್ಲಿ ಅವಳ ಡಿಸ್ಕುಗಳೇ ಇದ್ದವು. ಬಂಡೆಪ್ಪನದೂ ಸೇರಿ ಆರರಲ್ಲಿ ಇರಲಿಲ್ಲ. ಹಳ್ಳಿಖೇಡದ ಕಬ್ಬಿನ ಗುತ್ತಿಗೆದಾರನ ಜೀಪು, ಶಾಲೆಯ ಮಕ್ಕಳನ್ನು ಒಯ್ಯುವ ಒಂದು ಗಾಡಿ, ಬಾಡಿಗೆಯ ಎರಡು ಕಾರು. ಕೊನೆಯದು ಕೊಡಂಬಲದ ಶ್ರೀಮಂತನದು. ಶ್ರೀಮಂತ ಹೊಲದ ದಾರಿಯಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ಗಾಲಿ ಬಿಚ್ಚಿ ಡಿಸ್ಕು ತೋರಿಸಿದಾಗ ಅವನ ಮುಖ ಕಪ್ಪಿಟ್ಟಿತು.

“ನಾ ಹೇಳಿದ್ದೆನಲ್ಲ ನಿಮಗ! ಫೋನ್ ಮಾಡಿ ಹೇಳಿದ್ದೆ! ತಗ್ಗಿನ್ಯಾಗ ಹೊಡೀತೀರಿ ಅಂದ್ರಿ ನೀವು. ಮೊನ್ನೆ ನನ್ನ ಬಸುರಿ ಮಗಳನ್ನ ಇದರಾಗೇ ಬೀದರಿಗೆ ಒಯ್ದೀನಿ. ಗೊತ್ತದೇನು ನಿಮಗ?”

“ತಪ್ಪು ನಂದು,” ಅಂದಳು. ಬೇರೆ ಏನು ಹೇಳಿದರೂ ಅದು ಸಬೂಬಾಗುತ್ತಿತ್ತು. ಶ್ರೀಮಂತ ಕಾಲು ಗಂಟೆ ಬೈದ. ಆಕೆ ನಿಂತು ಕೇಳಿದಳು. ಅವನು ಬೈದು ದಣಿದ ಮೇಲೆ ತಂದಿದ್ದ ಹೊಸ ಜೋಡಿಯನ್ನು ಕಾರಿನಿಂದ ಇಳಿಸಿ, ಜೊತೆಗೆ ಬಂದಿದ್ದ ಮೆಕ್ಯಾನಿಕನಿಗೆ ಕೊಟ್ಟಳು. ಡಿಸ್ಕು ಕೂರುವ ಗಾಲಿಯ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತಾನೇ ತಿಕ್ಕಿದಳು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಹೊಸ ಡಿಸ್ಕು ಸೊಟ್ಟ ಕೂರುತ್ತದೆ, ಮತ್ತೆ ನಡುಕ ಶುರುವಾಗುತ್ತದೆ. ಶ್ರೀಮಂತ ದೂರ ನಿಂತು ನೋಡಿದ. ಹೊರಡುವಾಗ ನೀರು ಬೇಕೇನು ಅಂತಲೂ ಕೇಳಲಿಲ್ಲ.

ಮನೆಯಲ್ಲಿ ತುಳಜಾಬಾಯಿ ಮಾತು ಬಿಟ್ಟರು. ಸೊಸೆ ಬಡಿಸಿದ್ದನ್ನು ಉಣ್ಣುವುದನ್ನೂ ಬಿಟ್ಟರು. ಓಂಪ್ರಕಾಶನಿಗೆ ಹತ್ತು ದಿನದಲ್ಲಿ ಜಾಮೀನು ಸಿಕ್ಕಿತು. ಅವನು ಅತ್ತಿಗೆಯ ಎದುರು ಬಂದಾಗ ತಲೆ ತಗ್ಗಿಸಲಿಲ್ಲ. “ಮನಿ ಒಡದ್ರಿ ವೈನಿ,” ಅಂದ. ಅವನ ಕಣ್ಣಲ್ಲಿ ತಪ್ಪಿನ ನೆರಳೂ ಇರಲಿಲ್ಲ. ಅದನ್ನು ಕಂಡೇ ವಿದ್ಯಾವತಿ ಹುಮನಾಬಾದಿನಲ್ಲಿ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಹಿಡಿದಳು. ವೈಜನಾಥ ನಾಲ್ಕು ದಿನ ತಾಯಿಯ ಹತ್ತಿರವೇ ಉಳಿದ. ಐದನೆಯ ದಿನ ಹಾಸಿಗೆ ಸುತ್ತಿಕೊಂಡು ಬಂದ. “ಎಲ್ಲಿ ಮಲಗ್ಲಿ?” ಅಂತಷ್ಟೇ ಕೇಳಿದ. ಆಕೆ ಜಾಗ ತೋರಿಸಿದಳು.

ಕಾಜಲ ಎಡಗೈಯಲ್ಲಿ ಬರೆಯಲು ಹೋಗಿ ಆಗದೆ, ಆ ಸಲದ ಪರೀಕ್ಷೆ ಬಿಟ್ಟಳು. ಒಂದು ವರ್ಷ ಹಿಂದೆ ಬಿದ್ದಳು. ಅದನ್ನು ಯಾರಿಂದಲೂ ತುಂಬಿಕೊಡಲಾಗಲಿಲ್ಲ.

ಬಂಡೆಪ್ಪನ ವ್ಯಾನು ರಿಪೇರಿಯಾಗಿ ಬಂದದ್ದು ಜನವರಿಯಲ್ಲಿ. ಡಿಸ್ಕು, ಪ್ಯಾಡು, ಬ್ರೇಕಿನ ಎಣ್ಣೆ ಎಲ್ಲ ಹೊಸದು. ಈ ಸಲ ಅಂಗಡಿಯ ಮುಂದೆಯೇ, ಅವಳ ಕಣ್ಣೆದುರೇ ಹಾಕಿಸಿದ್ದು. ತುಕ್ಕು ಹಿಡಿಯದಂತೆ ಹೊಸ ಡಿಸ್ಕಿಗೆ ಹಚ್ಚಿದ್ದ ಎಣ್ಣೆಯನ್ನು ಆಕೆ ಬಟ್ಟೆಯಿಂದ ಒರೆಸಿ ತೆಗೆದಳು. ಪ್ಯಾಡು ಹಿಡಿಯುವ ಕ್ಯಾಲಿಪರಿನ ಪಿನ್ನುಗಳು ಸರಾಗ ಜಾರುತ್ತವೋ ಇಲ್ಲವೋ ಬೆರಳಿನಿಂದ ನೂಕಿ ನೋಡಿದಳು. ನಟ್ಟುಗಳನ್ನು ಒಂದು ಬಿಟ್ಟು ಒಂದು, ಸಮನಾಗಿ ಬಿಗಿಸಲು ಹೇಳಿದಳು. ಬಂಡೆಪ್ಪ ಪ್ರತಿಯೊಂದನ್ನೂ ಬಗ್ಗಿ ಬಗ್ಗಿ ನೋಡಿದ. ಅಂಕಿ ಓದಿದ. ಮೈಕ್ರೋಮೀಟರ್ ತನ್ನ ಕೈಗೆ ಇಸಿದುಕೊಂಡು ತಾನೇ ಅಳೆದ.

“ಹಂಗೇ ಒಯ್ಯಬ್ಯಾಡ,” ಅಂದಳು ವಿದ್ಯಾವತಿ. “ಹೊಸಾ ಡಿಸ್ಕು, ಹೊಸಾ ಪ್ಯಾಡು ಒಂದಕ್ಕೊಂದು ಹೊಂದಬೇಕು. ನಡಿ, ನಾನೂ ಬರ್ತೇನಿ.”

ಬೈಪಾಸಿನ ಖಾಲಿ ತುಂಡು ರಸ್ತೆಯಲ್ಲಿ ಬಂಡೆಪ್ಪ ಗಾಡಿಯನ್ನು ಐವತ್ತಕ್ಕೆ ಏರಿಸಿದ. ಮೆಲ್ಲಗೆ ಹತ್ತಕ್ಕೆ ಇಳಿಸಿದ. ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿದ. ಆಕೆ ಪಕ್ಕದ ಸೀಟಿನಲ್ಲಿ ಕೂತು ಎಣಿಸಿದಳು. ಹನ್ನೆರಡನೆಯ ಸಲಕ್ಕೆ ಸ್ವಲ್ಪ ಸುಟ್ಟ ವಾಸನೆ ಬಂತು. ಬಂಡೆಪ್ಪ ಗಾಬರಿಯಿಂದ ನೋಡಿದ. “ಪ್ಯಾಡಿನ ಮ್ಯಾಲಿನ ಪದರ ಸುಡಾಕತ್ತದ, ಅಷ್ಟೇ, ಹೊಡಿ,” ಅಂದಳು. ಇಪ್ಪತ್ತಾದ ಮೇಲೆ ಆರಲು ಬಿಟ್ಟು, ನಿಧಾನ ಓಡಿಸಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿದ. ಪೆಡಲನ್ನು ಎರಡು ಸಲ ಒತ್ತಿ ನೋಡಿದ.

“ಗಟ್ಟಿ ಅದ,” ಅಂದ.

“ಮೂರು ತಿಂಗಳಿಗೊಮ್ಮೆ ಬಾ. ಅಳದು ಹೇಳ್ತೇನಿ.”

“ಬರ್ತೇನಿ.” ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅವನು ಮುಂದಿನ ಗಾಜಿನಾಚೆ ನೋಡಿದ. “ಆದ್ರ ಅಕ್ಕೋರ, ನನ್ನ ಸಿಟ್ಟು ಹೋಗಿಲ್ಲ.”

“ನಂದೂ ಹೋಗಿಲ್ಲ,” ಅಂದಳು ವಿದ್ಯಾವತಿ. ಬಾಗಿಲು ತೆಗೆದು ಇಳಿದಳು.

ಕಾಲೇಜು ಬಿಡುವ ಹೊತ್ತಾಗಿತ್ತು. ಬಂಡೆಪ್ಪ ಹುಡುಗಿಯರನ್ನು ಕರೆದುಕೊಂಡು ಬರಲು ಗಾಡಿ ತಿರುಗಿಸಿದ.